ಕಂಪ್ರೆಷನ್ ಗೇಜ್: ವರ್ಷಗಟ್ಟಲೆ ಬಳಸಿದ ಮೇಲೆ

ಗಾಡಿ ಮಿಸ್ಸಿಂಗ್ ಹೊಡೆದರೆ ಎಲ್ಲರೂ ಮೊದಲು ಪ್ಲಗ್ ಬದಲಾಯಿಸುತ್ತಾರೆ, ಆಮೇಲೆ ಕಾರ್ಬ್ಯುರೇಟರ್ ಬಿಚ್ಚುತ್ತಾರೆ. ಎರಡಕ್ಕೂ ಬಗ್ಗದಿದ್ದರೆ ಕಂಪ್ರೆಷನ್ ಗೇಜ್, ಅಂದರೆ ಸಿಲಿಂಡರ್ ಒಳಗೆ ಪಿಸ್ಟನ್ ಗಾಳಿಯನ್ನು ಎಷ್ಟು ಒತ್ತುತ್ತದೆ ಅಂತ ಅಳೆಯುವ ಮೀಟರ್, ಹೊರಗೆ ತೆಗೆಯಬೇಕು. ನನ್ನದು ಪ್ಲಗ್ ತೂತಿಗೆ ತಿರುಗಿಸಿ ಕೂರಿಸುವ, ಉದ್ದ ಪೈಪ್ ಇರುವ ಮಾದರಿ. 10, 12, 14 ಮಿ.ಮೀ. ಅಡಾಪ್ಟರ್ ಜೊತೆಗೇ ಬಂದಿದ್ದವು. ಕೈಯಲ್ಲಿ ಒತ್ತಿ ಹಿಡಿಯುವ ಮಾದರಿಯೂ ಸಿಗುತ್ತದೆ. ಆದರೆ ಒಬ್ಬರೇ ಕಿಕ್ ಹೊಡೆಯುತ್ತಾ ಅದನ್ನು ಹಿಡಿಯೋದು ಆಗದ ಮಾತು.

ಇಂಜಿನ್ ಬಿಸಿ ಮಾಡಿ, ಇಗ್ನಿಷನ್ ಆಫ್ ಇಟ್ಟು, ಎಕ್ಸಲರೇಟರ್ ಪೂರ್ತಿ ತಿರುಗಿಸಿ ಹಿಡಿಯಿರಿ. ಮುಳ್ಳು ಇನ್ನು ಏರುವುದಿಲ್ಲ ಅನ್ನುವವರೆಗೆ ಕಿಕ್ ಹೊಡೆಯಿರಿ. ಎಕ್ಸಲರೇಟರ್ ಮುಚ್ಚಿದ್ದರೆ ಸಾಕಷ್ಟು ಗಾಳಿ ಒಳಗೆ ಹೋಗದೆ ಒಳ್ಳೇ ಇಂಜಿನ್ನೂ ಕಮ್ಮಿ ತೋರಿಸುತ್ತದೆ.

ಇದರ ಬೆಲೆ ಗೊತ್ತಾಗಿದ್ದು ನನ್ನ ಹಳೇ ಸಿಂಗಲ್ ಸಿಲಿಂಡರ್ ಗಾಡಿ ಕೈಕೊಟ್ಟಾಗ. ಸ್ಟಾರ್ಟ್ ಆಗೋದೇ ಕಷ್ಟ, ಐಡ್ಲಿಂಗ್ ನಿಲ್ಲುತ್ತಿರಲಿಲ್ಲ, ಸೈಲೆನ್ಸರ್‌ನಲ್ಲಿ ಪಟಪಟ ಸದ್ದು. ಸ್ಪಾರ್ಕ್ ಚೆನ್ನಾಗಿತ್ತು. ಗೇಜ್ ಹಾಕಿದರೆ ಕಂಪ್ರೆಷನ್ ತೀರಾ ಕಮ್ಮಿ. ಪ್ಲಗ್ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದೆ. ಮುಳ್ಳು ಅಲ್ಲೇ ನಿಂತಿತು. ಪಿಸ್ಟನ್ ರಿಂಗ್ ಸವೆದಿದ್ದರೆ ಆಯಿಲ್ ಸಂದಿ ಮುಚ್ಚಿ ಮುಳ್ಳು ಏರಬೇಕಿತ್ತು ಅಲ್ವಾ? ಹಾಗಾದರೆ ವಾಲ್ವ್, ಗ್ಯಾಸ್ಕೆಟ್ ಅಥವಾ ಟೈಮಿಂಗ್ (ವಾಲ್ವ್ ತೆರೆದು ಮುಚ್ಚುವ ಹೊತ್ತು). ಸಿಲಿಂಡರ್ ಬೋರ್ ಮಾಡಿಸುವ (ಒಳಗೋಡೆ ಕೊರೆಸುವ) ಖರ್ಚು ತಪ್ಪಿದ್ದು ಇಲ್ಲೇ.

ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಟ್ಯಾಪೆಟ್ ಗ್ಯಾಪ್ ಸರಿ ಇತ್ತು. ಮ್ಯಾಗ್ನೆಟ್ ಕವರ್‌ನ ಕ್ಯಾಪ್ ಬಿಚ್ಚಿ, ಇಂಜಿನ್ ಓಡುವ ದಿಕ್ಕಿಗೇ ತಿರುಗಿಸಿ ಪಿಸ್ಟನ್ ಮೇಲಿನ ತುದಿಗೆ ಬಂದಿದೆ ಎನ್ನುವ 'ಟಿ' ಗುರುತನ್ನು ಕಿಂಡಿಗೆ ತಂದೆ. ಪಕ್ಕದ 'ಎಫ್' ಗುರುತು ಇಗ್ನಿಷನ್‌ನದ್ದು, ಅದನ್ನು ನೋಡಬಾರದು. ಗುರುತು ದಾಟಿ ಹೋದರೆ ಹಿಂದಕ್ಕೆ ಎಳೆಯದೆ ಮತ್ತೆರಡು ಸುತ್ತು ಹಾಕಿ ಬನ್ನಿ. ಹಿಂದಕ್ಕೆ ಎಳೆದರೆ ಕ್ಯಾಮ್ (ವಾಲ್ವ್ ತೆರೆಸುವ ಶಾಫ್ಟ್) ತಿರುಗಿಸುವ ಚೈನ್ ಸಡಿಲಾಗಿ ಕ್ಯಾಮ್ ಗುರುತು ಸುಳ್ಳು ಹೇಳುತ್ತದೆ. ಎರಡೂ ರಾಕರ್ ಸ್ವಲ್ಪ ಆಡುತ್ತಿದ್ದವು, ಅಂದರೆ ಕಂಪ್ರೆಷನ್ ಸ್ಟ್ರೋಕ್‌ನ ತುದಿಯೇ. ಆದರೂ ಕ್ಯಾಮ್ ಸ್ಪ್ರಾಕೆಟ್‌ನ ಗೆರೆ ಇಂಜಿನ್ ಮೇಲಿನ ಹೆಡ್‌ನ ಅಂಚಿಗೆ ಸಮ ಇರಲಿಲ್ಲ. ಬಿಗಿ ಹಿಡಿಯುವ ಟೆನ್ಷನರ್ ಸೋತು ಚೈನ್ ಒಂದು ಹಲ್ಲು ಜಿಗಿದಿತ್ತು.

ಒಂದೇ ಹಲ್ಲು, ಏನು ಮಹಾ ಅನ್ನಬೇಡಿ. 34 ಹಲ್ಲಿನ ಸ್ಪ್ರಾಕೆಟ್ ಆದರೆ ಕ್ಯಾಮ್‌ನಲ್ಲಿ ಹತ್ತೂವರೆ ಡಿಗ್ರಿ. ಕ್ಯಾಮ್ ತಿರುಗೋದು ಪಿಸ್ಟನ್ ತಿರುಗಿಸುವ ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ, ಹಾಗಾಗಿ ಕ್ರ್ಯಾಂಕ್ ಲೆಕ್ಕದಲ್ಲಿ 21 ಡಿಗ್ರಿ. ಇನ್‌ಲೆಟ್ ವಾಲ್ವ್ ಅಷ್ಟು ತಡವಾಗಿ ಮುಚ್ಚಿದರೆ ಒಳಗೆ ಬಂದ ಗಾಳಿ ಬಂದ ದಾರಿಯಲ್ಲೇ ವಾಪಸ್. ಟೆನ್ಷನರ್ ಬದಲಿಸಿ, ಚೈನ್ ಸರಿಯಾಗಿ ಕೂರಿಸಿದ ಮೇಲೆ ಮುಳ್ಳು ಸರಿಯಾದ ಜಾಗಕ್ಕೆ ಬಂತು, ಮಿಸ್ಸಿಂಗೂ ಹೋಯಿತು.

ತಕರಾರುಗಳೂ ಇವೆ. ಪೈಪ್ ಬಿಚ್ಚುವಾಗ ಅಡಾಪ್ಟರ್ ಹೆಡ್‌ನಲ್ಲೇ ಉಳಿದುಬಿಡುತ್ತದೆ. ಬಿಸಿ ಇಂಜಿನ್‌ನಲ್ಲಿ ಅದನ್ನು ಕೀಳುವುದು ದೊಡ್ಡ ತಲೆನೋವು. ಓ-ರಿಂಗ್ ಕಾಲಕ್ರಮೇಣ ಗಟ್ಟಿಯಾಗಿ ಗಾಳಿ ಬಿಡತೊಡಗಿತು, ಬದಲಿಸಿದೆ. ಪೈಪ್ ತುದಿಯ ಪುಟ್ಟ ವಾಲ್ವ್ ಹಾಳಾದರೆ ಟೈರ್ ವಾಲ್ವ್ ಹಾಕಬೇಡಿ. ನೋಡೋಕೆ ಒಂದೇ ಥರ ಇದ್ದರೂ ಅದರ ಸ್ಪ್ರಿಂಗ್ ಬಿಗಿ ಜಾಸ್ತಿ, ರೀಡಿಂಗ್ ಕಮ್ಮಿ ಬರುತ್ತದೆ. ಇನ್ನು ಕ್ಯಾಮ್‌ನಲ್ಲೇ ಡಿಕಂಪ್ರೆಸರ್ (ಸ್ಟಾರ್ಟ್ ಮಾಡುವಾಗ ಒತ್ತಡ ಇಳಿಸುವ ಭಾಗ) ಇರುವ ಗಾಡಿಯಾದರೆ ರೀಡಿಂಗ್ ಮೊದಲೇ ಕಮ್ಮಿ ಇರುತ್ತದೆ. ಸರ್ವೀಸ್ ಮ್ಯಾನ್ಯುಯಲ್ ನೋಡದೆ ಸುಮ್ನೆ ಹೆಡ್ ಬಿಚ್ಚೋಕೆ ಹೋಗಬೇಡಿ.