ಏರ್‌ಮಿನಿ ಸಿಪ್ಯಾಪ್ ತಗೊಂಡು ಶಿರಸಿಯಿಂದ ಡೆಲ್ಲಿಗೆ ಹೋಗಿ ಬಂದ್ವಿ

ನಮ್ಮ ಅಪ್ಪಯ್ಯಂಗೆ ಸ್ಲೀಪ್ ಆಪ್ನಿಯಾ ಇದೆ, ನಿದ್ದೇಲಿ ಉಸಿರು ನಿಂತು ನಿಂತು ಬರ್ತದೆ, ಮಾಸ್ಕಿಂದ ಗಾಳಿ ಒತ್ತಿ ಕೊಡೋ ಸಿಪ್ಯಾಪ್ ಮಷಿನ್ ಇಲ್ಲದೆ ಒಂದು ರಾತ್ರಿ ಮಲಗಿದ್ರೂ ಮರುದಿನ ಪೂರ್ತಿ ತೂಕಡಿಕೆ. ಹೋದ ವರ್ಷ ಹುಬ್ಬಳ್ಳಿಂದ ವಿಮಾನ ಹತ್ತುವಾಗ ಮನೇಲಿರೋ ದೊಡ್ಡ ಮಷಿನ್ನೇ ಹೊತ್ಕೊಂಡು ಹೋಗಿದ್ವಿ, ಕೌಂಟರಲ್ಲಿ ಬ್ಯಾಗ್ ಜಾಸ್ತಿ ಆಯ್ತು ಲಗೇಜಿಗೆ ಹಾಕಿ ಅಂದ್ರು, ಡಾಕ್ಟರ್ ಬರೆದುಕೊಟ್ಟ ಪತ್ರ ತೋರಿಸಿದ ಮೇಲೇ ಬಿಟ್ಟಿದ್ದು. ಅಪ್ಪಯ್ಯನ ಮುಖ ಅವತ್ತು ನೋಡೋಕಾಗ್ತಿರಲಿಲ್ಲ.

ಅದಕ್ಕೇ ಈ ಸಲ ಅಡಿಕೆ ಕೊಯ್ಲು ಮುಗಿದ ಮೇಲೆ ತಂಗಿ ಮನೆಗೆ ಹೊರಡೋ ಮೊದಲು ರೆಸ್‌ಮೆಡ್ ಕಂಪನಿದು ಏರ್‌ಮಿನಿ ತಗೊಂಡೆ. ಮಷಿನ್ ತೂಕ 300 ಗ್ರಾಂ ಅಷ್ಟೇ, ಅಂಗೈ ಮೇಲೆ ಕೂರ್ತದೆ. ಗಾಳಿಗೆ ತೇವ ಕೊಡೋ ನೀರಿನ ಟ್ಯಾಂಕೇ ಇಲ್ಲ, ನಾವು ಬಿಡೋ ಉಸಿರಿನ ತೇವಾನೇ ಹಿಡಿದಿಟ್ಟು ವಾಪಸ್ ಕೊಡೋ ಒಂದು ಪುಟ್ಟ ಬಿಲ್ಲೆ ಬರ್ತದೆ, ಹಾಗಾಗಿ ಹೋದ ಊರಲ್ಲಿ ಡಿಸ್ಟಿಲ್ಡ್ ವಾಟರ್ ಹುಡುಕೋ ಕೆಲಸ ಇಲ್ಲ. ಪ್ಯಾಕೆಟ್ ಒಡೆದ ಮೇಲೆ ಆ ಬಿಲ್ಲೆ 30 ದಿನಕ್ಕೆ ಬದಲಾಯಿಸ್ಬೇಕು. ತಗೊಳೋ ಮೊದಲು ಮಾಸ್ಕ್ ಮಾತ್ರ ಸರಿಯಾಗಿ ವಿಚಾರಿಸಿ, ಎಲ್ಲಾ ಮಾಸ್ಕೂ ಇದಕ್ಕೆ ಕೂರೋದಿಲ್ಲ, ನಾವು ಬೇರೆನೇ ತಗೋಬೇಕಾಯ್ತು.

ಒಳಗೆ ಬ್ಯಾಟರಿ ಇಲ್ಲ. ಬೇರೆ ಬ್ಯಾಟರಿ ತಗೊಳೋರು ಅದರ ಮೇಲಿನ ವ್ಯಾಟ್ ಅವರ್, ಅಂದ್ರೆ ಎಷ್ಟು ಶಕ್ತಿ ಹಿಡೀತದೆ ಅನ್ನೋ ಅಂಕಿ, ಓದ್ಲೇಬೇಕು, 100ರ ಒಳಗಿದ್ರೆ ಕೈಬ್ಯಾಗಲ್ಲಿ ಒಯ್ಯಬಹುದು, 100ರಿಂದ 160ರವರೆಗೆ ವಿಮಾನದವರ ಒಪ್ಪಿಗೆ ಮೊದಲೇ ಬೇಕು, ಅದಕ್ಕಿಂತ ದೊಡ್ಡದು ಪ್ರಯಾಣಿಕರು ಒಯ್ಯೋ ಹಾಗೇ ಇಲ್ಲ. ಬರೀ ಎಮ್‌ಎಎಚ್ ಬರೆದಿದ್ರೆ ವೋಲ್ಟಿಂದ ಗುಣಿಸಿ ಸಾವಿರದಿಂದ ಭಾಗಿಸಿ, 20000 ಎಮ್‌ಎಎಚ್ 3.7 ವೋಲ್ಟ್ ಅಂದ್ರೆ 74 ವ್ಯಾಟ್ ಅವರ್. ಬಿಡಿ ಬ್ಯಾಟರಿನ ಲಗೇಜಿಗೆ ಖಂಡಿತ ಹಾಕ್ಬೇಡಿ, ಬಿಸಿಯಾಗಿ ಬೆಂಕಿ ಹೊತ್ಕೊಂಡ್ರೆ ಕೆಳಗೆ ನೋಡೋರು ಯಾರೂ ಇರೋದಿಲ್ಲ. ಅಡಾಪ್ಟರ್ ಕೂಡ ಮಷಿನ್ ಜೊತೆಗೇ ಇಟ್ಕೊಳ್ಳಿ, ಲಗೇಜ್ ಒಂದು ದಿನ ತಡ ಆದ್ರೆ ಆ ರಾತ್ರಿ ಕಥೆ ಏನು?

ಸೆಕ್ಯುರಿಟೀಲಿ ಮಷಿನ್ ಹೊರಗೆ ತೆಗೆದು ಟ್ರೇಗೆ ಇಟ್ವಿ. ಆ ಟ್ರೇಲಿ ಚಪ್ಪಲಿ ಬೆಲ್ಟ್ ಎಲ್ಲ ಹೋಗ್ತದಲ್ಲ, ಮೂಗಿಗೆ ಗಾಳಿ ಕೊಡೋ ವಸ್ತು ಅದು, ಅದಕ್ಕೇ ಒಂದು ಸ್ವಚ್ಛ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಕೊಟ್ಟೆ, ಯಾರೂ ಬೇಡ ಅನ್ನಲಿಲ್ಲ.

ಡೆಲ್ಲೀಲಿ ಗಾಳಿ ನಮ್ಮ ಕಡೆಗಿಂತ ಒಣ, ಮೂಗು ಒಣಗ್ತದೇನೋ ಅಂತ ನಂಗೆ ಹೆದರಿಕೆ ಇತ್ತು. ಬೆಳಿಗ್ಗೆ ಕೇಳಿದ್ರೆ "ಅಡ್ಡಿಲ್ಲೆ ತಮಾ, ಚೊಲೋ ನಿದ್ದೆ ಬಂತು" ಅಂದ್ರು. ಹತ್ತು ರಾತ್ರಿನೂ ಹಾಗೇ ಮಲಗಿದ್ರು. ಈಗ ಮನೇಲಿ ದೊಡ್ಡದೇ ನಡೀತದೆ, ಚಿಕ್ಕದು ಡಾಕ್ಟರ್ ಪತ್ರದ ಜೊತೆ ಬ್ಯಾಗಲ್ಲೇ ಇದೆ.