ಜಿದ್ದಿನ ಜೋಡಿಗೆ ಬಲವಂತದ ಮದುವೆ: ಹಳೆ ಪುಸ್ತಕದಂಗಡಿಯಲ್ಲಿ ರೀಜೆನ್ಸಿ ಕಾದಂಬರಿ ಆರಿಸುವ ಬಗೆ

ಕಲಬುರಗಿಯ ಹಳೆ ಪುಸ್ತಕದಂಗಡಿಗಳಲ್ಲಿ ಕೆಎಎಸ್, ನೀಟ್ ಗೈಡುಗಳ ರಾಶಿ ಸರಿಸಿದರೆ ಕೆಳಗಿನ ಖಾನೆಯಲ್ಲಿ ಇಂಗ್ಲಿಷ್ ರೊಮ್ಯಾನ್ಸ್ ಪುಸ್ತಕಗಳು ಸಿಗುತ್ತವೆ. ಅವುಗಳಲ್ಲಿ ಹುಡುಕಿ ತೆಗೆಯಬೇಕಾದ ಒಂದು ಬಗೆಯೇ ಇದೆ: ಎಣ್ಣೆ-ಸೀಗೆಕಾಯಿಯಂತಿರುವ ಇಬ್ಬರು ಹಠಮಾರಿಗಳು, ಬೇರೆ ದಾರಿಯಿಲ್ಲದೆ ಆಗುವ ಮದುವೆ, ಆಮೇಲೆ ಮುನ್ನೂರು ಪುಟ ನಗು. ಕೊಳ್ಳಲು ಯೋಗ್ಯವಾದ ಸರಕು ಅದು. ಆದರೆ ಹೊದಿಕೆಯ ಚಿತ್ರ ನೋಡಿ ಕೊಂಡರೆ ಮೋಸ ಹೋಗುವುದೇ ಹೆಚ್ಚು. ನೋಡಬೇಕಾದದ್ದು ಗಂಟು. ಇಬ್ಬರನ್ನೂ ಕಟ್ಟಿಹಾಕುವ ಗಂಟು ಬಿಚ್ಚಲಾಗದಷ್ಟು ಬಿಗಿಯಾಗಿದ್ದರೆ ಪ್ರತಿ ಜಗಳಕ್ಕೂ ನಗು ಬರುತ್ತದೆ. ಗಂಟು ಸಡಿಲವಾಗಿದ್ದರೆ ‘ಇವರು ಎದ್ದು ಹೋಗಬಾರದೇ’ ಎಂದು ಹತ್ತನೇ ಪುಟಕ್ಕೇ ಬೇಸರ ಹುಟ್ಟುತ್ತದೆ.

ಕಾಲ ಯಾವುದೆಂದು ಮೊದಲು ತಿಳಿದಿರಲಿ. ಇಂಗ್ಲೆಂಡಿನ ಮೂರನೇ ಜಾರ್ಜ್ ದೊರೆಗೆ ಬುದ್ಧಿ ಸ್ಥಿಮಿತ ತಪ್ಪಿ, ಮಗ ರಾಜಪ್ರತಿನಿಧಿಯಾಗಿ ಆಳಿದ 1811ರ ಫೆಬ್ರವರಿಯಿಂದ 1820ರ ಜನವರಿವರೆಗಿನ ಒಂಬತ್ತು ವರ್ಷವೇ ರೀಜೆನ್ಸಿ. ಆಗ ನಮ್ಮ ಈ ಭಾಗ ಹೈದರಾಬಾದಿನ ನಿಜಾಮ ಸಿಕಂದರ್ ಜಾಹ್ ಅವರ ಆಳ್ವಿಕೆಯಲ್ಲಿತ್ತು.

ಈಗ ಗಂಟಿನ ವಿಷಯ. ಆ ಕಾಲದ ಇಂಗ್ಲೆಂಡಿನಲ್ಲೂ ಹೆಣ್ಣನ್ನು ಎಳೆದು ತಂದು ಮದುವೆ ಮಾಡಿಸಲು ಬರುತ್ತಿರಲಿಲ್ಲ. ಪಾದ್ರಿಯ ಮುಂದೆ ಇಬ್ಬರೂ ಬಾಯಿಬಿಟ್ಟು ಒಪ್ಪಿಗೆ ಹೇಳಲೇಬೇಕು. ಹಾಗಾಗಿ ಒಳ್ಳೆಯ ಕಾದಂಬರಿಯಲ್ಲಿ ಬಲವಂತ ಮಾಡುವುದು ಕತ್ತಿಯಲ್ಲ, ಮಂದಿ. ಮಳೆಗೆ ಸಿಕ್ಕಿ ಇಬ್ಬರೇ ಒಂದು ರಾತ್ರಿ ಹೆದ್ದಾರಿಯ ಛತ್ರದಲ್ಲಿ ಉಳಿದರು, ಬೆಳಿಗ್ಗೆ ಊರಿನ ಬಾಯಿಬಡುಕಿಯೊಬ್ಬಳು ನೋಡಿದಳು; ಅಷ್ಟೇ ಸಾಕು. ಹುಡುಗಿಗೆ ಇನ್ನು ಯಾವ ಮನೆಯಿಂದಲೂ ಕರೆ ಬರುವುದಿಲ್ಲ, ಅವಳ ತಂಗಿಯರಿಗೂ ಗಂಡು ಸಿಗುವುದಿಲ್ಲ. ‘ಮಂದಿ ಏನಂದಾರು’ ಎಂಬ ಮಾತು ಕೇಳಿಯೇ ಬೆಳೆಯುವ ನಮ್ಮ ಕಡೆಯ ಓದುಗರಿಗೆ ಇದಕ್ಕೆ ಅಡಿಟಿಪ್ಪಣಿ ಬೇಕಿಲ್ಲ. ಎರಡನೆಯ ಬಲವಂತ ಕೊಟ್ಟ ಮಾತಿನದು. ನಿಶ್ಚಯವಾದ ಮೇಲೆ ಗಂಡು ಹಿಂದೆ ಸರಿದರೆ ಹೆಣ್ಣು ನ್ಯಾಯಾಲಯದಲ್ಲಿ ಪರಿಹಾರ ಕೇಳಬಹುದಿತ್ತು. ಗಂಡಿನ ಮಾನವೂ ಹೋಗುತ್ತಿತ್ತು. ಹೆಣ್ಣು ಮಾತ್ರ ಮನಸ್ಸು ಬದಲಿಸಿದೆ ಎನ್ನಬಹುದು. ಇದನ್ನು ಬಲ್ಲ ಲೇಖಕರು ಅದರಿಂದಲೇ ಒಂದು ಇಡೀ ಅಧ್ಯಾಯದ ನಗು ತೆಗೆಯುತ್ತಾರೆ: ‘ನೀವೇ ಬೇಡ ಅನ್ನಿ’ ಎಂದು ಅವನು ದಿನಾ ಗೋಗರೆಯುವುದು, ಅವನಿಗೆ ಕಷ್ಟವಾಗಲಿ ಎಂದೇ ಇವಳು ‘ಅನ್ನುವುದಿಲ್ಲ’ ಎನ್ನುವುದು.

ಮೂರನೆಯದು ಹಣ. ಹೆಚ್ಚಿನ ಲೇಖಕರು ಎಡವುವುದು ಇಲ್ಲಿಯೇ. ಅಜ್ಜ ಸಾಯುವಾಗ ‘ಇವಳನ್ನು ಮದುವೆಯಾಗದಿದ್ದರೆ ಡ್ಯೂಕ್ ಪಟ್ಟವೂ ಇಲ್ಲ, ಎಸ್ಟೇಟೂ ಇಲ್ಲ’ ಎಂದು ಉಯಿಲು ಬರೆದಿದ್ದಾನೆ ಎಂದು ಹಿಂಬದಿಯ ಹೊದಿಕೆಯಲ್ಲಿ ಕಂಡರೆ ಪುಸ್ತಕ ವಾಪಸ್ ಇಡಿ. ಪಟ್ಟವನ್ನು ಉಯಿಲಿನಲ್ಲಿ ಯಾರಿಗೂ ಕೊಡಲು, ಕಸಿಯಲು ಬರುವುದಿಲ್ಲ. ಅದು ರಕ್ತಸಂಬಂಧದ ಸಾಲಿನಲ್ಲಿ ತಾನೇ ಇಳಿಯುತ್ತದೆ. ‘ಎಂಟೈಲ್’ ಆದ ಜಮೀನೂ ಹಾಗೆಯೇ, ಈಗಿನ ಯಜಮಾನ ಬದುಕಿರುವವರೆಗೆ ಅನುಭವಿಸಬಹುದು, ತನ್ನ ಇಷ್ಟದಂತೆ ಬರೆದುಕೊಡಲಾಗದು. ಸರಿಯಾಗಿ ಕಟ್ಟಿದ ಕಥೆಯಲ್ಲಿ ಪಟ್ಟ ಮತ್ತು ಸೋರುವ ಮಾಳಿಗೆಯ ಹಳೆ ಬಂಗಲೆ ನಾಯಕನಿಗೆ ಬರುತ್ತವೆ. ಅದನ್ನು ನಡೆಸಲು ಬೇಕಾದ ನಗದು ಮಾತ್ರ ಷರತ್ತಿನ ಹಿಂದೆ ಸಿಕ್ಕಿಕೊಂಡಿರುತ್ತದೆ. ನಗದನ್ನು ಉಯಿಲಿನಲ್ಲಿ ಹೇಗೆ ಬೇಕಾದರೂ ಬರೆಯಬಹುದಿತ್ತು.

ಮದುವೆ ನಡೆಯುವ ಪುಟವನ್ನು ಅಂಗಡಿಯಲ್ಲೇ ನಿಂತು ಓದಿ. 1753ರ ಹಾರ್ಡ್‌ವಿಕ್ ಕಾಯ್ದೆ ಇಂಗ್ಲೆಂಡಿನ ಮದುವೆಗಳಿಗೆ ಕಟ್ಟುಪಾಡು ಹಾಕಿದ ನಂತರ ದಾರಿ ಮೂರೇ. ಮೂರು ಭಾನುವಾರ ಚರ್ಚಿನಲ್ಲಿ ಇಬ್ಬರ ಹೆಸರನ್ನೂ ಕೂಗಿ ಹೇಳುವ ‘ಬ್ಯಾನ್ಸ್’ ಮೊದಲನೆಯದು, ಖರ್ಚು ಕಡಿಮೆ, ಗುಟ್ಟು ಉಳಿಯುವುದಿಲ್ಲ. ಬಿಷಪ್ ಕೊಡುವ ಸಾಮಾನ್ಯ ಲೈಸೆನ್ಸ್ ಎರಡನೆಯದು. ಇಬ್ಬರಲ್ಲಿ ಒಬ್ಬರಾದರೂ ನಾಲ್ಕು ವಾರ ಆ ಚರ್ಚಿನ ವ್ಯಾಪ್ತಿಯ ಪ್ರದೇಶವಾದ ಪ್ಯಾರಿಷ್‌ನಲ್ಲಿ ವಾಸವಿದ್ದಿರಬೇಕು, 21 ತುಂಬದವರಿಗೆ ತಂದೆಯ ಇಲ್ಲವೇ ಪಾಲಕರ ಒಪ್ಪಿಗೆ ಬೇಕು. ಈ ಎರಡರಲ್ಲೂ ಮದುವೆ ಚರ್ಚಿನಲ್ಲೇ, ಬೆಳಿಗ್ಗೆ ಎಂಟರಿಂದ ಹನ್ನೆರಡರೊಳಗೆ. ಮೂರನೆಯದು ಸ್ಪೆಷಲ್ ಲೈಸೆನ್ಸ್; ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಒಬ್ಬರೇ ಕೊಡುವಂಥದ್ದು, ಹೊತ್ತು-ಜಾಗದ ಕಟ್ಟಿಲ್ಲ. ರಾತ್ರಿ ಎಂಟಕ್ಕೆ ಅತ್ತೆಮನೆಯ ದಿವಾನಖಾನೆಯಲ್ಲಿ ಮದುವೆ ನಡೆದರೆ ಸ್ಪೆಷಲ್ ಲೈಸೆನ್ಸಿನ ಮಾತು ಎಲ್ಲಾದರೂ ಬಂದಿರಲೇಬೇಕು. ಬಂದಿಲ್ಲವೆಂದರೆ ಲೇಖಕರು ಮನೆಪಾಠ ಮಾಡಿಲ್ಲ. ಸ್ಕಾಟ್ಲೆಂಡಿಗೆ ಆ ಕಾಯ್ದೆ ಅನ್ವಯಿಸುತ್ತಿರಲಿಲ್ಲ, ಅದಕ್ಕೇ ಜೋಡಿಗಳು ಗಡಿಯ ಗ್ರೆಟ್ನಾ ಗ್ರೀನ್‌ಗೆ ಓಡುತ್ತಿದ್ದದ್ದು. ಲಂಡನ್ನಿನಿಂದ ಅದು ಐನೂರು ಕಿಲೋಮೀಟರ್ ಮೇಲಾಗುತ್ತದೆ, ಇಲ್ಲಿಂದ ಬೆಂಗಳೂರಿಗಿರುವ ದೂರಕ್ಕೆ ತುಸು ಕಡಿಮೆ. ಕುದುರೆ ಬದಲಿಸುತ್ತ ಓಡಿಸಿದರೂ ಸುಮಾರು ಎರಡು ದಿನದ ಹಾದಿ. ರಾತ್ರಿ ಹೊರಟು ಬೆಳಗಾಗುವುದರಲ್ಲಿ ತಲುಪಿಸಿದ ಪುಸ್ತಕಗಳೂ ಇವೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಮದುವೆಯಾದ ಮೇಲಿನದು. ‘ಮದುವೆ ಹೆಸರಿಗಷ್ಟೇ ಇರಲಿ, ಒಂದು ವರ್ಷ ಮುಟ್ಟದೆ ಇರೋಣ, ಆಮೇಲೆ ರದ್ದು ಮಾಡಿಸೋಣ’ ಎಂದು ಇಬ್ಬರೂ ಕರಾರು ಮಾಡಿಕೊಳ್ಳುವ ಕಥೆಗಳು ರಾಶಿ ರಾಶಿ ಇವೆ. ಕಾನೂನು ಅದಕ್ಕೆ ಎಡೆಯೇ ಕೊಟ್ಟಿರಲಿಲ್ಲ. ಗಂಡನಿಗೆ ಪುರುಷತ್ವವೇ ಇಲ್ಲವೆಂದು ಚರ್ಚ್ ನ್ಯಾಯಾಲಯದಲ್ಲಿ ಸಾಬೀತಾದರೆ ರದ್ದಾಗಬಹುದಿತ್ತು, ಬೇಕೆಂದೇ ಕೂಡದಿದ್ದರೆ ಇಲ್ಲ. ಕೂಡಲು ನಿರಾಕರಿಸುವುದು ಇಂಗ್ಲೆಂಡಿನಲ್ಲಿ ರದ್ದತಿಗೆ ಕಾರಣವಾದದ್ದು 1937ರ ಕಾಯ್ದೆಯಿಂದ, ಅಂದರೆ ನೂರಕ್ಕೂ ಹೆಚ್ಚು ವರ್ಷ ಆದಮೇಲೆ. ವಿಚ್ಛೇದನ ಪಡೆದು ಮರುಮದುವೆಯಾಗಬೇಕೆಂದರೆ ಪಾರ್ಲಿಮೆಂಟಿನಲ್ಲಿ ಅದಕ್ಕೆಂದೇ ಒಂದು ಕಾಯ್ದೆ ಪಾಸಾಗಬೇಕು. 1857ರವರೆಗೂ ಅದೇ ನಡೆದದ್ದು. ಈ ಬಾಗಿಲು ಮುಚ್ಚಿದೆ ಎಂಬುದೇ ಕಥೆಯ ಜೀವ. ರದ್ದತಿಯ ಕರಾರು ಇರುವ ಪುಸ್ತಕದಲ್ಲಿ ಜೋಡಿಗೆ ಸುಮ್ಮನೆ ಕಾದು ಕೂರುವ ದಾರಿಯಿದೆ. ಅದಿಲ್ಲದ ಪುಸ್ತಕದಲ್ಲಿ ಒಂದೇ ಮೇಜಿನ ಎರಡು ತುದಿಯಲ್ಲಿ ಕೂತು ದಿನಾ ಊಟ ಮಾಡಲೇಬೇಕು, ಉಪ್ಪಿನ ಡಬ್ಬಿ ಯಾರ ಕಡೆ ಇರಬೇಕೆಂದು ಜಗಳ ಶುರುವಾಗಲೇಬೇಕು. ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಎಂಬ ಗಾದೆಗೆ ಅಷ್ಟು ಒಳ್ಳೆಯ ಉದಾಹರಣೆ ನಮ್ಮ ಕಥೆಗಳಲ್ಲೂ ಅಪರೂಪ.

ಮದುವೆಗೆ ಮುಂಚಿನ ಕರಾರುಪತ್ರದ ದೃಶ್ಯ ಇದ್ದರೆ ಆ ಪುಸ್ತಕಕ್ಕೆ ನಮ್ಮಿಂದ ಒಂದು ಅಂಕ ಜಾಸ್ತಿ. ಕರಾರಿಲ್ಲದೆ ಮದುವೆಯಾದರೆ ಹೆಂಡತಿಯ ಕೈಯಲ್ಲಿರುವ ಹಣ, ಚರ ಆಸ್ತಿ ಗಂಡನ ಪಾಲಾಗುತ್ತಿತ್ತು. ಅದಕ್ಕೇ ಶ್ರೀಮಂತ ಮನೆತನಗಳು ವಕೀಲರನ್ನು ಕೂರಿಸಿ ಬರೆಸುತ್ತಿದ್ದರು: ವರ್ಷಕ್ಕೆ ಅವಳ ಕೈಖರ್ಚಿನ ‘ಪಿನ್ ಮನಿ’ ಎಷ್ಟು, ವಿಧವೆಯಾದರೆ ಸಿಗುವ ‘ಜಾಯಿಂಚರ್’ ಎಷ್ಟು, ಮಕ್ಕಳಿಗೆಷ್ಟು. ನಿಕಾಹ್‌ನಲ್ಲಿ ಮೆಹರ್ ಗೊತ್ತುಮಾಡುವುದನ್ನು ನೋಡಿದ ಕಲಬುರಗಿಯವರಿಗೆ ಈ ದೃಶ್ಯದ ಬಿಸಿ ಬೇಗ ತಟ್ಟುತ್ತದೆ. ಜಿದ್ದಿನ ಜೋಡಿಯಲ್ಲಿ ಹೆಣ್ಣು ಲೆಕ್ಕದಲ್ಲಿ ಗಟ್ಟಿಗಿತ್ತಿಯಾಗಿದ್ದರೆ, ವಕೀಲನ ತಲೆಯ ಮೇಲಿಂದಲೇ ಇಬ್ಬರೂ ಚೌಕಾಸಿಗೆ ಇಳಿದರೆ, ಪ್ರೀತಿಯ ಮೊದಲ ಎಳೆ ಅಲ್ಲೇ ಕಾಣುತ್ತದೆ. ಎದುರಾಳಿಯ ಬುದ್ಧಿಗೆ ಮರ್ಯಾದೆ ಕೊಡುವುದನ್ನು ಇಬ್ಬರೂ ಕಲಿಯುವುದು ಆ ಮೇಜಿನ ಮುಂದೆ.

ಹಾಸ್ಯ ನಿಜವೋ ಸುಳ್ಳೋ ಎಂದು ತಿಳಿಯಲು ಮೊದಲ ಜಗಳದ ಎರಡು ಪುಟ ಸಾಕು. ಒಬ್ಬರ ಮಾತಿನ ತುದಿಯನ್ನು ಇನ್ನೊಬ್ಬರು ಹಿಡಿಯುತ್ತಿದ್ದಾರೆಯೇ ನೋಡಿ. ಗಡಿ ತಕರಾರಿನ ಇಬ್ಬರು ಜಮೀನ್ದಾರರ ಮನೆಯವರು ಎಂದುಕೊಳ್ಳೋಣ. ‘ನಿಮ್ಮ ಕುದುರೆ ನನ್ನ ಬೇಲಿ ಹಾರಿ ಬಂತು’ ಎಂದು ಅವನು. ‘ಬೇಲಿ ನಿಮ್ಮದೆಂದು ಕುದುರೆಗೆ ಯಾರೂ ಹೇಳಿರಲಿಲ್ಲ, ನ್ಯಾಯಾಧೀಶರೂ ಇನ್ನೂ ಹೇಳಿಲ್ಲ’ ಎಂದು ಅವಳು. ಇಂಥ ಮಾತಿನಲ್ಲಿ ಜಗಳದ ವಿಷಯವೂ ಇದೆ, ಇಬ್ಬರ ಗುಣವೂ ಇದೆ. ಬದಲಿಗೆ ‘ನೀನು ಸೊಕ್ಕಿನವನು’, ‘ನೀನು ಹಟಮಾರಿ’ ಎಂದು ಬೈದಾಟವಷ್ಟೇ ಇದ್ದರೆ ಮುನ್ನೂರು ಪುಟವೂ ಅದೇ. ಇನ್ನೊಂದು ಪರೀಕ್ಷೆ: ಇಬ್ಬರೂ ಒಂದೊಂದು ಸಲವಾದರೂ ನಿಜವಾಗಿ ಸೋಲಬೇಕು. ಹೆಣ್ಣೇ ಪ್ರತಿ ಸಲ ಕೆಸರಿಗೆ ಬಿದ್ದು, ಗಂಡೇ ಎತ್ತುವುದಾದರೆ ಪೈಪೋಟಿ ಎಲ್ಲಿಂದ ಬಂತು? ಮದುವೆ ಕೂಡ ಪುಸ್ತಕದ ಮೊದಲ ಮೂರನೇ ಒಂದು ಭಾಗದೊಳಗೆ ಮುಗಿದಿರಬೇಕು. ಅರ್ಧ ದಾಟಿದರೆ ಅದು ನಿಶ್ಚಿತಾರ್ಥದ ಕಥೆ, ಬೇರೆ ಸರಕು.

ಪತ್ರಗಳ ಮೂಲಕ ಕಾದಾಡುವ ಜೋಡಿ ಸಿಕ್ಕರೆ ಬಿಡಬೇಡಿ. ಆಗ ಲಕೋಟೆ ಬಳಕೆಯಲ್ಲಿರಲಿಲ್ಲ, ಹಾಳೆಯನ್ನೇ ಮಡಚಿ ಅರಗಿನ ಮುದ್ರೆ ಒತ್ತುವುದು. ಅಂಚೆ ಖರ್ಚು ಸಾಮಾನ್ಯವಾಗಿ ಪತ್ರ ಪಡೆದವರದು. ದೂರ ಮತ್ತು ಹಾಳೆಗಳ ಸಂಖ್ಯೆಯ ಮೇಲೆ ಲೆಕ್ಕ. ಹಾಗಾಗಿ ಸಿಟ್ಟಿಗೆದ್ದ ನಾಯಕಿ ನಾಲ್ಕು ಹಾಳೆ ಬೈಗುಳ ಬರೆದು ಕಳಿಸಿದರೆ ದಂಡ ಕಟ್ಟುವವನು ಅವನೇ. ಅವನು ಪಾರ್ಲಿಮೆಂಟಿನಲ್ಲಿ ಕೂರುವ ಲಾರ್ಡ್ ಆದರೆ ಪುಕ್ಕಟೆ ಅಂಚೆಯ ಸವಲತ್ತಿರುತ್ತದೆ, ಆ ನಗು ಆಗ ಕೆಲಸ ಮಾಡದು. ಬಲ್ಲ ಲೇಖಕರು ಅದಕ್ಕೇ ಅವನನ್ನು ಪಾರ್ಲಿಮೆಂಟಿಗೆ ಸೇರದ ಸಾಮಾನ್ಯ ಜಮೀನ್ದಾರನನ್ನಾಗಿ ಮಾಡಿರುತ್ತಾರೆ.

ಕನ್ನಡದ ಓದುಗರಿಗೆ ಮುಜುಗರವಾಗುವ ಒಂದು ಸಂಗತಿಯನ್ನು ಮುಂಚೆಯೇ ಹೇಳಬೇಕು. ಅಲ್ಲಿ ದೊಡ್ಡಪ್ಪ-ಚಿಕ್ಕಪ್ಪನ ಮಗಳನ್ನೂ ಮದುವೆಯಾಗಬಹುದಿತ್ತು, ಸೋದರಮಾವ ಅಕ್ಕನ ಮಗಳನ್ನು ಮಾತ್ರ ಆಗುವಂತಿರಲಿಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಸರಿಯಾಗಿ ತಿರುಗಾಮುರುಗಾ. ‘ಕಸಿನ್’ ಎಂಬ ಒಂದೇ ಪದದ ಹಿಂದೆ ತಂಗಿಯೂ ಇರಬಹುದು, ಅತ್ತೆಯ ಮಗಳೂ ಇರಬಹುದು. ವಂಶವೃಕ್ಷವನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಓದಿದರೆ ಗೊಂದಲವಿಲ್ಲ. ಕರೆಯುವ ಬಗೆಯನ್ನೂ ಗಮನಿಸಿ. ಇಂಗ್ಲಿಷಿನಲ್ಲಿ ನೀವು-ನೀನು ಭೇದವಿಲ್ಲ. ಆ ಕೆಲಸವನ್ನು ಬಿರುದು ಮತ್ತು ಹೆಸರು ಮಾಡುತ್ತವೆ. ಮದುವೆಯಾಗಿ ತಿಂಗಳಾದರೂ ‘ಮೈ ಲಾರ್ಡ್’ ಎನ್ನುತ್ತಿದ್ದವಳು ಒಮ್ಮೆ ಬರೀ ಹೆಸರು ಹಿಡಿದು ಕೂಗಿದರೆ, ನಮ್ಮಲ್ಲಿ ‘ಏನ್ರೀ’ ಎನ್ನುತ್ತಿದ್ದವಳು ‘ಏ, ಇಲ್ಲಿ ಬಾ’ ಎಂದಷ್ಟೇ ತೂಕ. ಡ್ಯೂಕ್ ಆದವನನ್ನು ‘ಯುವರ್ ಗ್ರೇಸ್’ ಎನ್ನಬೇಕು, ‘ಮೈ ಲಾರ್ಡ್’ ಅಲ್ಲ. ‘ಸರ್’ ಪಟ್ಟದವನಿಗೆ ಸರ್ ಜೊತೆ ಬರುವುದು ಸ್ವಂತ ಹೆಸರು, ಮನೆತನದ ಹೆಸರಲ್ಲ. ಇವೆರಡು ತಪ್ಪು ಮೊದಲ ಅಧ್ಯಾಯದಲ್ಲೇ ಕಂಡರೆ ಉಳಿದದ್ದೂ ಹಾಗೆಯೇ ಇರುತ್ತದೆ.

ಚಿಕ್ಕಪುಟ್ಟ ತಪ್ಪುಗಳಿಗೆ ನಾವು ಮಾಫಿ ಕೊಡುತ್ತೇವೆ, ಆದರೂ ಗೊತ್ತಿರಲಿ. ಬೆಂಕಿಕಡ್ಡಿ ಗೀರುವ ನಾಯಕ ಸುಳ್ಳು, ಅದು ಮಾರಾಟಕ್ಕೆ ಬಂದದ್ದು 1827ರಲ್ಲಿ. ಆಲ್ಮ್ಯಾಕ್ಸ್ ಎಂಬ ಲಂಡನ್ನಿನ ಬುಧವಾರದ ನೃತ್ಯಕೂಟದಲ್ಲಿ ಸಿಗುತ್ತಿದ್ದದ್ದು ಚಹಾ, ಲೆಮನೇಡ್, ಮದ್ಯವಿಲ್ಲ. 1815ರಲ್ಲಿ ತಂಬೋರಾ ಜ್ವಾಲಾಮುಖಿ ಸಿಡಿದದ್ದರಿಂದ 1816ರ ಬೇಸಿಗೆ ಇಂಗ್ಲೆಂಡಿನಲ್ಲಿ ಚಳಿ-ಮಳೆಯಲ್ಲೇ ಕಳೆಯಿತು. ಆ ವರ್ಷದ ಜುಲೈ ಬಿಸಿಲಲ್ಲಿ ನಾಯಕಿ ಬೆವರಿದರೆ ತಪ್ಪು. ಭಾರತದಿಂದ ದುಡ್ಡು ಮಾಡಿಕೊಂಡು ಬಂದ ನಾಯಕ ಮದ್ರಾಸಿಗೆ ಬರೆದ ಪತ್ರಕ್ಕೆ ತಿಂಗಳಲ್ಲಿ ಉತ್ತರ ಬರುವುದೂ ಅಷ್ಟೇ. ಹಡಗು ಆಫ್ರಿಕಾ ಸುತ್ತಿ ಬರಬೇಕಿತ್ತು, ಒಂದು ಕಡೆಗೇ ತಿಂಗಳುಗಟ್ಟಲೆ.

ಇನ್ನು ಪ್ರತಿಯ ಸ್ಥಿತಿ. ಈ ಪುಸ್ತಕಗಳಿಗೆ ಹೊಲಿಗೆ ಇರುವುದಿಲ್ಲ, ಬೆನ್ನಿಗೆ ಬಿಸಿ ಅಂಟು ಹಾಕಿ ಕೂರಿಸಿದ ಹಾಳೆಗಳು. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆ ನಾಲ್ಕೈದು ಕಳೆದರೆ ಅಂಟು ಒಣಗಿ ಸೀಳುತ್ತದೆ. ‘ಅಣ್ಣಾ, ಒಂದ್ ಸಲ ಬಿಚ್ಚಿ ನೋಡ್ತೀನ್ರಿ’ ಎಂದು ಕೇಳಿ, ನಡುವಿನಲ್ಲಿ ಮೆಲ್ಲಗೆ ತೆರೆಯಿರಿ. ಚಟ್ ಎಂದರೆ ಬೆನ್ನು ಹೋಗಿದೆ. ಆಮೇಲೆ ಕೊನೆಯ ಹಾಳೆಗಳ ಪುಟಸಂಖ್ಯೆ ಒಂದೊಂದಾಗಿ ನೋಡಿ. ಕಳಚಿ ಬೀಳುವುದು ಮೊದಲ ಮತ್ತು ಕೊನೆಯ ಹಾಳೆಗಳೇ, ರಾಜಿಯಾಗುವ ದೃಶ್ಯವೂ ಅಲ್ಲೇ ಇರುವುದು. ಒಂದೇ ಹೊದಿಕೆಯಲ್ಲಿ ಎರಡು ಕಥೆ ಇರುವ ಪ್ರತಿಗಳು ದಪ್ಪಗಿರುತ್ತವೆ, ಬೆನ್ನು ಬೇಗ ಮುರಿಯುತ್ತದೆ. ಸರಣಿಯ ಮೂರನೆಯದೋ ನಾಲ್ಕನೆಯದೋ ಎಂದೂ ಒಳಪುಟದಲ್ಲಿ ನೋಡಿಕೊಳ್ಳಿ. ಮುದ್ರಿತ ಬೆಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೊಡುವುದು ಬೇಡ.

ಕಾಲೇಜು ಹುಡುಗಿಯರಿಗೆ ಕೊಡುವವರು ಪ್ರಕಟವಾದ ವರ್ಷ ನೋಡಲೇಬೇಕು. 1970-80ರ ದಶಕದ ಕೆಲವು ಪುಸ್ತಕಗಳಲ್ಲಿ ಮದುವೆಯ ಬಲವಂತ ಹಾಸಿಗೆಯವರೆಗೂ ಹೋಗುತ್ತದೆ, ಅದನ್ನೇ ಪ್ರೀತಿ ಎಂದು ಬರೆದಿರುತ್ತಾರೆ. ಅಂಥವನ್ನು ನಾವು ಯಾರಿಗೂ ಹೇಳುವುದಿಲ್ಲ. ಮದುವೆಯ ರಾತ್ರಿಯ ಅಧ್ಯಾಯ ತೆರೆದು, ಅವಳು ಬೇಡವೆಂದಾಗ ಅವನು ಏನು ಮಾಡುತ್ತಾನೆ ಓದಿ. ಎದ್ದು ತನ್ನ ಕೋಣೆಗೆ ಹೋದರೆ, ಬೆಳಿಗ್ಗೆ ಉಪಾಹಾರದ ಮೇಜಿನಲ್ಲಿ ಜಗಳ ಮತ್ತೆ ಶುರುವಾದರೆ, ಆ ಪುಸ್ತಕ ಧೈರ್ಯವಾಗಿ ತೆಗೆದುಕೊಳ್ಳಿ.

ಮೊಬೈಲಿನಲ್ಲಿ ಇ-ಪುಸ್ತಕವಾಗಿ ಓದಿದರೆ ಪದದ ಮೇಲೆ ಬೆರಳಿಟ್ಟು ಅರ್ಥ ನೋಡಬಹುದು, ಇಂಗ್ಲಿಷ್ ಅಷ್ಟಾಗಿ ಬಾರದವರಿಗೆ ಅದೇ ಒಳ್ಳೆಯದು. ಆಡಿಯೋದಲ್ಲಿ ಜಗಳದ ಲಯ ಚೆಂದ ಕೇಳುತ್ತದೆ, ಬಿರುದುಗಳ ನೆನಪು ಮಾತ್ರ ಉಳಿಯುವುದಿಲ್ಲ. ಹಳೆ ಪ್ರತಿಯನ್ನೇ ಕೊಂಡರೆ ಓದಿದ ಮೇಲೆ ಪತ್ರಾಸಿನ ಕೆಳಗಿನ ಅಟ್ಟದಲ್ಲಿ ಇಡಬೇಡಿ. ತಂಪಿರುವ ಒಳಕೋಣೆಯ ಟ್ರಂಕಿನಲ್ಲಿ ಮಲಗಿಸಿ, ನಡುನಡುವೆ ಒಣಗಿದ ಬೇವಿನ ಸೊಪ್ಪು ಹಾಕಿಡಿ.