ಬಿಸಿನೀರಿನ ಬುಗ್ಗೆ ಪಕ್ಕ ಆರ್‌ವಿ ನಿಲ್ಲಿಸುವುದಾದರೆ: ಫುಲ್ ಹುಕಪ್ ಸೈಟಾ, ಡ್ರೈ ಸೈಟಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಡ್ರೈ ಸೈಟಿಗೆ.

ಬಿಸಿನೀರಿನ ಬುಗ್ಗೆ ಇರುವ ಕ್ಯಾಂಪ್‌ಗ್ರೌಂಡಿಗೆ ಆರ್‌ವಿ, ಅಂದರೆ ಒಳಗೇ ಅಡುಗೆ, ಹಾಸಿಗೆ, ಬಾತ್‌ರೂಮ್ ಇರುವ ಗಾಡಿ, ತೆಗೆದುಕೊಂಡು ಹೋದರೆ ಸಾಮಾನ್ಯವಾಗಿ ಎರಡು ಬಗೆಯ ಜಾಗ ಸಿಗುತ್ತದೆ. ಒಂದು ಫುಲ್ ಹುಕಪ್ ಸೈಟ್. ಕರೆಂಟು, ನಲ್ಲಿ, ಕೊಳಚೆ ಪೈಪು ಮೂರೂ ಗಾಡಿಯ ಬಾಗಿಲಲ್ಲೇ ಇರುತ್ತವೆ, ಬುಗ್ಗೆ ನೀರಿನ ಸ್ನಾನದ ಕೊಳವೂ ಹತ್ತಿರ. ಇನ್ನೊಂದು ಡ್ರೈ ಸೈಟ್. ಮರಗಳ ನಡುವೆ ಗಾಡಿ ನಿಲ್ಲಿಸಲು ಸಮತಟ್ಟಾದ ಜಾಗ, ಅಷ್ಟೇ. ನಾನೂ ನನ್ನ ಹೆಂಡತಿಯೂ ಎರಡರಲ್ಲೂ ಉಳಿದು ನೋಡಿದ್ದೇವೆ. ಮಾಮೂಲಿ ಕ್ಯಾಂಪ್‌ಗ್ರೌಂಡ್ ಆಗಿದ್ದರೆ ಹುಕಪ್ ಬೇಡ ಅಂತ ನಾನು ಯಾರಿಗೂ ಹೇಳುತ್ತಿರಲಿಲ್ಲ. ಬುಗ್ಗೆ ಇರುವ ಕಡೆ ಲೆಕ್ಕವೇ ಬೇರೆ. ಅದಕ್ಕೆ ಕಾರಣ ನಲ್ಲಿ ನೀರು.

ನಾವು ಉಳಿದಿದ್ದ ಒಂದು ಹುಕಪ್ ಸೈಟಿನ ವಿಷಯ ಹೇಳುತ್ತೇನೆ, ಹೆಸರು ಬೇಡ. ಅಲ್ಲಿ ನಲ್ಲಿಗೆ ಬರುತ್ತಿದ್ದದ್ದು ಬುಗ್ಗೆಯ ಪಕ್ಕದಲ್ಲೇ ಕೊರೆದ ಬೋರ್‌ವೆಲ್ ನೀರು. ಬಂದ ದಿನ ಪೈಪು ಜೋಡಿಸಿ, ಗಾಡಿಯ ನೀರು ಕಾಯಿಸುವ ಹೀಟರ್ ಹಾಕಿ, ಕೊಳಕ್ಕೆ ಹೋಗಿ ಬಂದೆವು. ಆ ದಿನ ಏನೂ ಗೊತ್ತಾಗಲಿಲ್ಲ. ಮರುದಿನ ಬೆಳಿಗ್ಗೆ ಶವರ್ ತಿರುಗಿಸಿದರೆ ಕೊಳೆತ ಮೊಟ್ಟೆಯ ವಾಸನೆ ಗಪ್ಪಂತ ಮುಖಕ್ಕೆ ಹೊಡೆಯಿತು. ಅಷ್ಟು ಚಿಕ್ಕ ಬಾತ್‌ರೂಮಿನಲ್ಲಿ ಬಾಗಿಲು ತೆರೆದರೆ ವಾಸನೆ ಅಡುಗೆ ಕಟ್ಟೆಗೆ, ಅಲ್ಲಿಂದ ಹಾಸಿಗೆಗೆ. ಕಿಟಕಿ ತೆರೆಯೋಣ ಅಂದರೆ ಹೊರಗೆ ಕೊರೆಯುವ ಚಳಿ. ಸಿಂಕ್ ಪಕ್ಕ ತೆಗೆದಿಟ್ಟಿದ್ದ ಬೆಳ್ಳಿ ಉಂಗುರ ಸಂಜೆಯೊಳಗೆ ಮಂಕಾಗಿ, ಅಂಚಿನಲ್ಲಿ ಕಪ್ಪು ಹಿಡಿದಿತ್ತು.

ಇದು ಯಾಕೆ ಆಗುತ್ತದೆ ಅಂತ ತಿಳಿದುಕೊಳ್ಳುವುದು ಒಳ್ಳೆಯದು. ಯಾಕೆಂದರೆ ತಣ್ಣೀರಿನ ನಲ್ಲಿಯಲ್ಲಿ ವಾಸನೆ ಇರಲೇ ಇಲ್ಲ, ಬಿಸಿನೀರಿನಲ್ಲಿ ಮಾತ್ರ. ಅಂದರೆ ವಾಸನೆ ಹುಟ್ಟುತ್ತಿದ್ದದ್ದು ನಮ್ಮ ಹೀಟರ್ ಒಳಗೆ. ನಮ್ಮದು ಸುಮಾರು 23 ಲೀಟರ್‌ನ ಟ್ಯಾಂಕ್. ಉಕ್ಕಿನ ಟ್ಯಾಂಕ್, ಒಳಗೆ ಗಾಜಿನ ಲೇಪ. ತುಕ್ಕು ಹಿಡಿಯದೆ ಇರಲಿ ಅಂತ ಅದರಲ್ಲಿ ಒಂದು ಆನೋಡ್ ರಾಡ್ ಇರುತ್ತದೆ, ಸಾಮಾನ್ಯವಾಗಿ ಮೆಗ್ನೀಸಿಯಂನದ್ದು. ರಾಡ್ ತಾನು ಸವೆದು ಟ್ಯಾಂಕನ್ನು ಉಳಿಸುತ್ತದೆ. ಬುಗ್ಗೆಗಳ ಸುತ್ತಲಿನ ನೀರಿನಲ್ಲಿ ಎಷ್ಟೋ ಕಡೆ ಸಲ್ಫೇಟ್ ಜಾಸ್ತಿ. ಗಾಳಿ ಇಲ್ಲದ ಕಡೆ ಬೆಳೆಯುವ ಕೆಲವು ಬ್ಯಾಕ್ಟೀರಿಯಾಗಳು ಈ ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಅನಿಲವಾಗಿ ಬದಲಾಯಿಸುತ್ತವೆ. ಕೊಳೆತ ಮೊಟ್ಟೆಯ ವಾಸನೆ ಇದರದ್ದೇ. ಮೆಗ್ನೀಸಿಯಂ ಸವೆಯುವಾಗ ಆಗುವ ರಾಸಾಯನಿಕ ಕ್ರಿಯೆ ಅವುಗಳ ಕೆಲಸವನ್ನು ಇನ್ನೂ ಸಲೀಸು ಮಾಡುತ್ತದೆ. ರಾತ್ರಿಯಿಡೀ ಉಗುರುಬೆಚ್ಚಗೆ ನಿಂತ ನೀರು ಅಂದರೆ ಅವಕ್ಕೆ ಹೇಳಿ ಮಾಡಿಸಿದ ಜಾಗ. ಬೆಳಿಗ್ಗೆ ಮೊದಲ ಶವರಿನಲ್ಲೇ ನಾತ ಜಾಸ್ತಿ ಇರುವುದು ಇದಕ್ಕೇ.

ನಿಮಗೂ ಹೀಗಾದರೆ ಮೊದಲು ತಣ್ಣೀರು, ಬಿಸಿನೀರು ಬೇರೆ ಬೇರೆ ಲೋಟದಲ್ಲಿ ಹಿಡಿದು, ಹೊರಗೆ ಹೋಗಿ ಮೂಸಿ ನೋಡಿ. ಎರಡೂ ನಾರಿದರೆ ಬರುವ ನೀರಿನಲ್ಲೇ ದೋಷ, ನೀವು ಮಾಡುವುದು ಹೆಚ್ಚೇನೂ ಇಲ್ಲ. ಬಿಸಿನೀರು ಮಾತ್ರ ನಾರಿದರೆ ಹೀಟರ್ ಖಾಲಿ ಮಾಡಬೇಕು. ಗ್ಯಾಸೂ ಕರೆಂಟೂ ಎರಡೂ ಆಫ್. ಕರೆಂಟ್ ಆಫ್ ಮಾಡದೆ ಖಾಲಿ ಮಾಡಿದರೆ ಒಳಗಿನ ಕಾಯಿಲ್ ಸುಟ್ಟುಹೋಗುತ್ತದೆ. ನೀರು ಪೂರ್ತಿ ತಣ್ಣಗಾಗುವವರೆಗೆ ಕಾಯಬೇಕು. ನೀರಿನ ಒತ್ತಡ ನಿಲ್ಲಿಸಿ, ಮೇಲಿನ ರಿಲೀಫ್ ವಾಲ್ವ್ ತೆರೆದು, ಆಮೇಲೆ ರಾಡ್ ಬಿಚ್ಚಬೇಕು. ನಮ್ಮ ಹೀಟರಿಗೆ 27 ಎಂ.ಎಂ. ಸಾಕೆಟ್ ಬೇಕಾಯಿತು. ಹೊರಬಂದ ರಾಡ್ ಮೇಲೆ ಬೂದು ಬಣ್ಣದ ಲೋಳೆ, ಅದರ ಮೇಲೆ ಅಲ್ಲಲ್ಲಿ ಸುಣ್ಣದ ಹರಳು. ಕೈಗೆ ಹತ್ತಿದ ವಾಸನೆ ಸೋಪಿಗೂ ಹೋಗಲಿಲ್ಲ. ಅಲ್ಲಿಯ ನೀರಿನಲ್ಲಿ ಸೋಪೇ ನೊರೆ ಬರುತ್ತಿರಲಿಲ್ಲ ಬಿಡಿ.

ಟ್ಯಾಂಕ್ ತೊಳೆದರೂ ಅದೇ ನೀರು ತುಂಬಿಸಬೇಕು ಅಲ್ವಾ? ನಿಜವಾದ ತಲೆನೋವು ಅಲ್ಲಿದೆ. ಆ ಸೈಟಿನಲ್ಲಿ ಇದ್ದಷ್ಟು ಹೊತ್ತು ಪರಿಹಾರವೇ ಇಲ್ಲ. ಪೈಪಿಗೆ ಸಿಕ್ಕಿಸುವ ಮಾಮೂಲಿ ಕಾರ್ಬನ್ ಫಿಲ್ಟರ್ ಇತ್ತು, ಇಂಥ ಕಡೆ ಅದರ ಕೈಯಲ್ಲಿ ಆಗುವುದು ತೀರಾ ಕಡಿಮೆ, ಬೇಗ ಕಟ್ಟಿಕೊಳ್ಳುತ್ತದೆ. ಸಲ್ಫೇಟನ್ನಂತೂ ಅದು ತಡೆಯುವುದಿಲ್ಲ. ಮುಂದಿನ ಊರಿಗೆ ಹೋಗಿ ಒಳ್ಳೆ ನೀರು ತುಂಬಿಸಿದ ಮೇಲೂ ವಾಸನೆ ಬಿಡಲಿಲ್ಲ. ಕೊನೆಗೆ ಬ್ಲೀಚ್ ಹಾಕಿದೆವು. 60 ಲೀಟರ್ ನೀರಿಗೆ ಸುಮಾರು 60 ಮಿಲಿಲೀಟರ್, ಸುಗಂಧ ಬೆರೆಸದ ಮನೆಬಳಕೆಯ ಬ್ಲೀಚ್. ಆನೋಡ್ ರಾಡ್ ತೆಗೆದು ತೂತಿಗೆ ಪ್ಲಗ್ ಹಾಕಿ, ಎಲ್ಲ ನಲ್ಲಿಯಲ್ಲೂ ಬ್ಲೀಚ್ ವಾಸನೆ ಬರುವವರೆಗೆ ಹರಿಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ತೊಳೆದೂ ತೊಳೆದೂ ಸಾಕಾಯಿತು. ಆಮೇಲೆ ಮೆಗ್ನೀಸಿಯಂ ಬದಲು ಅಲ್ಯೂಮಿನಿಯಂ-ಸತು ಬೆರೆಸಿದ ರಾಡ್ ಹಾಕಿದೆ. ಅದರಿಂದ ವಾಸನೆ ಗಣನೀಯವಾಗಿ ಕಡಿಮೆ. ರಾಡನ್ನೇ ಹಾಕದೆ ಪ್ಲಗ್ ಬಿಟ್ಟುಬಿಡಿ ಅಂತ ಕೆಲವರು ಸಲಹೆ ಕೊಡುತ್ತಾರೆ. ಉಕ್ಕಿನ ಟ್ಯಾಂಕಿಗೆ ದಯವಿಟ್ಟು ಹಾಗೆ ಮಾಡಬೇಡಿ, ತುಕ್ಕು ಹಿಡಿದು ತೂತಾಗುತ್ತದೆ. ಅಲ್ಯೂಮಿನಿಯಂ ಟ್ಯಾಂಕಿನ ಹೀಟರುಗಳಿಗೆ ರಾಡ್ ಬೇಕಿಲ್ಲ, ಅದು ಬೇರೆ ಮಾತು.

ಇಷ್ಟೆಲ್ಲ ರಗಳೆ ಆದದ್ದು ಜಾಸ್ತಿ ದುಡ್ಡು ಕೊಟ್ಟು ತೆಗೆದುಕೊಂಡ ಜಾಗದಲ್ಲಿ. ಡ್ರೈ ಸೈಟಿನಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ದಾರಿಯಲ್ಲೇ ಯಾವುದಾದರೂ ಊರಿನಲ್ಲಿ ಒಳ್ಳೆಯ ನೀರು ತುಂಬಿಸಿಕೊಂಡು ಬರುತ್ತೇವೆ. ನಮ್ಮ ಗಾಡಿಯ ನೀರಿನ ಟ್ಯಾಂಕ್ 150 ಲೀಟರಿನದ್ದು, ಅಂದರೆ 150 ಕಿಲೋ ಭಾರ. ಏರು ದಾರಿಯಲ್ಲಿ ಎಳೆಯುವಾಗ ಅದು ಗೊತ್ತಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಬುಗ್ಗೆ ಇರುವ ಕಡೆ ನೀರಿನ ಖರ್ಚು ಕಡಿಮೆ. ಸ್ನಾನ ಹೇಗೂ ಹೊರಗೇ ಆಗುತ್ತದೆ, ಕೊಳದ ಬಳಿ ಶವರ್ ಇದ್ದರೆ ಮೈ ತೊಳೆಯುವುದೂ ಅಲ್ಲೇ ಮುಗಿಯುತ್ತದೆ. ಗಾಡಿಯಲ್ಲಿ ಪಾತ್ರೆ ತೊಳೆಯಲು, ಹಲ್ಲುಜ್ಜಲು, ಕುಡಿಯಲು ಮಾತ್ರ ನೀರು ಬೇಕು. ಇಬ್ಬರಿಗೆ ಮೂರ್ನಾಲ್ಕು ದಿನಕ್ಕೆ ಆರಾಮಾಗಿ ಸಾಕು.

ಹುಕಪ್ ಸೈಟಿನಲ್ಲೂ ಪೈಪು ಜೋಡಿಸದೆ ಟ್ಯಾಂಕಿನ ನೀರನ್ನೇ ಬಳಸಬಹುದಲ್ಲ ಅಂತ ಕೇಳಬಹುದು. ಬಳಸಬಹುದು. ಆದರೆ ಆಗ ಕೊಟ್ಟ ದುಡ್ಡಿಗೆ ಸಿಗುವುದು ಕರೆಂಟು, ಕೊಳಚೆ ಪೈಪು ಎರಡೇ.

ಎಲ್ಲ ಬುಗ್ಗೆಯೂ ಹೀಗಿರುವುದಿಲ್ಲ ಅನ್ನುವುದನ್ನೂ ಹೇಳಬೇಕು. ಅಮೆರಿಕದ ಅರ್ಕಾನ್ಸಾಸ್‌ನ ಹಾಟ್ ಸ್ಪ್ರಿಂಗ್ಸ್ ನ್ಯಾಷನಲ್ ಪಾರ್ಕಿನ ನೀರು ಸುಮಾರು 62 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿ ಬರುತ್ತದೆ, ಆದರೂ ವಾಸನೆ ಇಲ್ಲ. ಸುಮಾರು 4,400 ವರ್ಷಗಳ ಹಿಂದೆ ಸುರಿದ ಮಳೆಯ ನೀರು ಆಳಕ್ಕಿಳಿದು, ಕಾದು, ಮೇಲೆ ಬರುತ್ತಿದೆ ಅಂತ ವಿಜ್ಞಾನಿಗಳು ಹೇಳುತ್ತಾರೆ. ಜನ ಅದನ್ನು ಕ್ಯಾನಿನಲ್ಲಿ ಹಿಡಿದು ಕುಡಿಯಲು ಒಯ್ಯುತ್ತಾರೆ. ನೀರು ಯಾವ ಕಲ್ಲಿನ ಮೂಲಕ ಬರುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಹಾಗಾಗಿ ಹುಕಪ್ ಸೈಟ್ ಬುಕ್ ಮಾಡುವವರು ಫೋನ್ ಮಾಡಿ ಒಂದೇ ಮಾತು ಕೇಳಿ: ನಲ್ಲಿ ನೀರು ಊರಿನ ಸರಬರಾಜಾ, ನಿಮ್ಮದೇ ಬೋರ್‌ವೆಲ್ಲಾ?

ಕರೆಂಟಿನ ಮಾತಿಗೆ ಬಂದರೆ ಹುಕಪ್‌ಗೆ ಸಾಟಿಯಿಲ್ಲ. 30 ಆಂಪ್ ಸಂಪರ್ಕವೇ 120 ವೋಲ್ಟಿನಲ್ಲಿ 3,600 ವಾಟ್ ಕೊಡುತ್ತದೆ. ಗಾಡಿ ಬೆಚ್ಚಗಿಡಲು ಕರೆಂಟ್ ಹೀಟರ್ ಹಾಕಿಕೊಂಡು ಗ್ಯಾಸ್ ಉಳಿಸಬಹುದು. ಡ್ರೈ ಸೈಟಿನಲ್ಲಿ ಬಿಸಿಗಾಳಿ ಊದುವ ಗ್ಯಾಸ್ ಫರ್ನೇಸ್ ಹಾಕಿದರೂ ಅದರ ಫ್ಯಾನ್ ಬ್ಯಾಟರಿ ತಿನ್ನುತ್ತದೆ. ನಮ್ಮದು 7 ಆಂಪ್ ಆಸುಪಾಸು ಎಳೆಯುತ್ತದೆ. ಚಳಿ ರಾತ್ರಿಯಲ್ಲಿ ಅರ್ಧ ಹೊತ್ತು ಓಡಿದರೂ 35–40 ಆಂಪ್-ಅವರ್ (ಬ್ಯಾಟರಿಯಲ್ಲಿರುವ ಕರೆಂಟಿನ ಅಳತೆ) ಹೋಯಿತು. ಹಳೆಯ ಲೆಡ್-ಆಸಿಡ್ ಬ್ಯಾಟರಿಯಲ್ಲಿ ಅರ್ಧದಷ್ಟನ್ನೇ ಬಳಸುವುದು ಕ್ಷೇಮ, ಹಾಗಾಗಿ ಒಂದೇ ರಾತ್ರಿಗೆ ಅದು ಸುಸ್ತು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿಸಿದ ಮೇಲೆ ನಮಗೆ ಈ ಚಿಂತೆ ತಪ್ಪಿತು. ಒಂದು ಎಚ್ಚರ: ಅದನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡುವಂತಿಲ್ಲ. ಬ್ಯಾಟರಿ ಗಾಡಿಯ ಒಳಗೇ ಇರಲಿ.

ಒದ್ದೆ ಟವೆಲ್, ಈಜುಡುಗೆ ಎರಡೂ ಕಡೆ ಕಾಟವೇ. ಬಿಸಿನೀರಿನಿಂದ ಬಂದ ಮೈಯಿಂದಲೇ ಹಬೆ ಏಳುತ್ತಿರುತ್ತದೆ, ಒದ್ದೆ ಬಟ್ಟೆ ಒಳಗೆ ನೇತುಹಾಕಿದರೆ ಬೆಳಗಾಗುವಷ್ಟರಲ್ಲಿ ಕಿಟಕಿ ಗಾಜಿನಿಂದ ನೀರು ಇಳಿಯುತ್ತದೆ, ಹಾಸಿಗೆಯ ಕೆಳಭಾಗ ತೇವ. ಹುಕಪ್ ಇದ್ದರೆ ಗಾಳಿಯ ತೇವ ಹೀರುವ ಡೀಹ್ಯುಮಿಡಿಫೈಯರ್ ಓಡಿಸಬಹುದು, ಈ ಅಂಕ ಅದಕ್ಕೆ. ಡ್ರೈ ಸೈಟಿನಲ್ಲಿ ನಾವು ಮಾಡುವುದು ಇಷ್ಟು: ಬಟ್ಟೆ ಕೊಳದ ಬಳಿಯೇ ಚೆನ್ನಾಗಿ ಹಿಂಡುತ್ತೇವೆ, ಬಾತ್‌ರೂಮಿನಲ್ಲಿ ಹಾಕಿ ಬಾಗಿಲು ಮುಚ್ಚುತ್ತೇವೆ, ಅಲ್ಲಿನ ಫ್ಯಾನ್ ನಿಧಾನಕ್ಕೆ ಓಡಿಸಿ ಬೇರೆ ಒಂದು ಕಿಟಕಿ ಬೆರಳಷ್ಟು ತೆರೆದಿಡುತ್ತೇವೆ.

ಕೊಳಚೆ ಟ್ಯಾಂಕು? ನಾಲ್ಕು ದಿನಕ್ಕೆ ತುಂಬುವುದಿಲ್ಲ. ಹೊರಡುವಾಗ ಡಂಪ್ ಸ್ಟೇಷನ್ನಿನಲ್ಲಿ ಖಾಲಿ ಮಾಡಿದರಾಯಿತು.

ಕೊಳ ಹತ್ತಿರ ಇರುವುದು ಲಾಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನಗೆ ಹಾಗನಿಸಲಿಲ್ಲ. ಕೊಳದ ಪಕ್ಕದ ಸಾಲಿನಲ್ಲಿ ರಾತ್ರಿಯಿಡೀ ಪಂಪಿನ ಗುಂಯ್ ಸದ್ದು, ದೀಪ, ಹೋಗಿ ಬರುವವರ ಮಾತು. ಡ್ರೈ ಸೈಟಿನಿಂದ ಬೆಳಗಿನ ಜಾವ ನಡೆದು ಹೋಗುವ ಹತ್ತು ನಿಮಿಷ ನನಗೆ ಕೊಳದಷ್ಟೇ ಇಷ್ಟ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, ಅಲಾಸ್ಕಾ ಹೆದ್ದಾರಿಯ ಮೇಲೆ ಲಿಯಾರ್ಡ್ ರಿವರ್ ಹಾಟ್ ಸ್ಪ್ರಿಂಗ್ಸ್ ಇದೆ. ಅಲ್ಲಿ ಹುಕಪ್ ಸೈಟೇ ಇಲ್ಲ. ಜೌಗು ನೆಲದ ಮೇಲೆ ಹಾಕಿದ ಹಲಗೆ ದಾರಿಯಲ್ಲಿ ಸುಮಾರು 700 ಮೀಟರ್ ನಡೆದರೆ ಕಾಡಿನ ನಡುವೆ ಕೊಳ, 42ರಿಂದ 52 ಡಿಗ್ರಿ ನೀರು. ಕರಡಿ ಓಡಾಡುವ ಕಾಡಾದ್ದರಿಂದ ಅಲ್ಲಿ ಊಟದ ಸಾಮಾನೆಲ್ಲ ಗಾಡಿಯೊಳಗೇ ಭದ್ರವಾಗಿರಬೇಕು. ಇಂಥ ಜಾಗಗಳಿಗೆ ಹೋಗುವ ಮನಸ್ಸಿದ್ದವರು ಡ್ರೈ ಕ್ಯಾಂಪಿಂಗ್ ರೂಢಿ ಮಾಡಿಕೊಳ್ಳಲೇಬೇಕು.

ನೈಸರ್ಗಿಕ ಕೊಳಕ್ಕೆ ಇಳಿಯುವವರಿಗೆ ಎರಡು ಮಾತು, ಸೈಟ್ ಯಾವುದೇ ಇರಲಿ. ತಲೆ ಮುಳುಗಿಸಬೇಡಿ, ಮೂಗಿಗೆ ನೀರು ಹೋಗಲು ಬಿಡಬೇಡಿ. ಕ್ಲೋರಿನ್ ಹಾಕದ ಬೆಚ್ಚನೆಯ ಸಿಹಿನೀರಿನಲ್ಲಿ ನೆಗ್ಲೇರಿಯಾ ಫೌಲೆರಿ ಅನ್ನುವ ಅಮೀಬಾ ಇರಬಹುದು. ಅದು ಮೂಗಿನ ಮೂಲಕ ಮೆದುಳಿಗೆ ಹೋಗುತ್ತದೆ. ತೀರಾ ಅಪರೂಪ, ಆದರೆ ಬಂದರೆ ಬದುಕುವವರು ಬೆರಳೆಣಿಕೆ. ಇನ್ನೊಂದು, ಮೈ ಕಾಯಿಸಿಕೊಳ್ಳಲು 40 ಡಿಗ್ರಿ ಸಾಕು. ಅದಕ್ಕಿಂತ ಬಿಸಿ ಇದ್ದರೆ ಸ್ವಲ್ಪ ಸ್ವಲ್ಪ ಹೊತ್ತು ಇಳಿದು ಮೇಲೆ ಬನ್ನಿ. ಗರ್ಭಿಣಿಯರು, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಇಳಿಯಬಾರದು.

ಹಾಗಾದರೆ ಹುಕಪ್ ಸೈಟ್ ಯಾರಿಗೆ? ಚಿಕ್ಕ ಮಕ್ಕಳಿದ್ದರೆ ಅದೇ ಸರಿ. ಮಂಡಿ ನೋವಿರುವ ಹಿರಿಯರು ಜೊತೆಗಿದ್ದರೆ ಕೊಳ ಹತ್ತಿರ ಇರುವುದೇ ದೊಡ್ಡ ಉಪಕಾರ, ವಾಸನೆ ಎಲ್ಲ ಆಮೇಲಿನ ಮಾತು. ನಮ್ಮ ಅಮ್ಮ ಬಂದಾಗ ನಾವೂ ಅಲ್ಲೇ ಉಳಿಯುತ್ತೇವೆ. ವಾರಗಟ್ಟಲೆ ಇರುವವರಿಗೆ, ರಾತ್ರಿ ಉಸಿರಾಟದ ಯಂತ್ರ ಬೇಕಾದವರಿಗೆ, ಗಾಡಿಯಲ್ಲೇ ಕೂತು ಆಫೀಸ್ ಕೆಲಸ ಮಾಡುವವರಿಗೆ ಕರೆಂಟು ಬೇಕೇ ಬೇಕು. ಅಂಥವರು ಹೀಟರಿಗೆ ಬೈಪಾಸ್ ವಾಲ್ವ್ ಇದೆಯಾ ನೋಡಿಕೊಳ್ಳಿ. ಇದ್ದರೆ ಅಲ್ಲಿನ ನೀರನ್ನು ಹೀಟರಿಗೆ ಬಿಡದೆ ತಣ್ಣೀರಾಗಿ ಮಾತ್ರ ಬಳಸಿ, ಬಿಸಿ ಸ್ನಾನಕ್ಕೆ ಕೊಳದ ಶವರಿಗೆ ಹೋಗಬಹುದು. ನಲ್ಲಿಗೆ ನೀರಿನ ಒತ್ತಡ ಹಿಡಿತದಲ್ಲಿಡುವ ಪ್ರೆಷರ್ ರೆಗ್ಯುಲೇಟರ್ ಹಾಕುವುದನ್ನು ಮರೆಯಬೇಡಿ.

ನಮ್ಮ ಮಟ್ಟಿಗೆ ಲೆಕ್ಕ ಸುಲಭ. ನಾವಿಬ್ಬರೇ. ಮೂರು ನಾಲ್ಕು ರಾತ್ರಿಗಿಂತ ಜಾಸ್ತಿ ಉಳಿಯುವುದಿಲ್ಲ, ಟಿವಿ ನೋಡುವುದಿಲ್ಲ, ಒಂಬತ್ತಕ್ಕೆಲ್ಲ ಮಲಗಿ ಕೋಳಿ ಕೂಗುವ ಹೊತ್ತಿಗೆ ಎದ್ದು ಕೊಳಕ್ಕೆ ಹೋಗುವವರು. ಹುಕಪ್‌ಗೆ ಕೊಡುವ ಹೆಚ್ಚಿನ ಬಾಡಿಗೆ ಉಳಿಸಿದರೆ ಅದೇ ದುಡ್ಡಿನಲ್ಲಿ ಇನ್ನೊಂದು ರಾತ್ರಿ ಜಾಸ್ತಿ ಇರಬಹುದು. ಬ್ಯಾಟರಿಗೆ ಹಾಕಿದ ದುಡ್ಡು ಎಲ್ಲ ಕಡೆ ಉಪಯೋಗಕ್ಕೆ ಬರುತ್ತದೆ, ಸೈಟಿನ ಬಾಡಿಗೆ ಬೆಳಗಾದರೆ ಖರ್ಚಾಗಿ ಹೋಯಿತು. ಮುಂದಿನ ಸಲಕ್ಕೂ ಡ್ರೈ ಸೈಟನ್ನೇ ಬುಕ್ ಮಾಡಿದ್ದೇವೆ. ನೀರು ತುಂಬಿಸುವ ಊರು ಯಾವುದು ಅಂತಲೂ ಆಗಲೇ ಗುರುತು ಹಾಕಿಕೊಂಡಾಗಿದೆ.